ಶರಣಾಗತನ ಅಹವಾಲು

ವಿಭೀಷಣನು ಲಂಕೆಯನ್ನು ತೊರೆದು ಸಮುದ್ರತೀರಕ್ಕೆ ಬಂದಾಗ ಶ್ರೀರಾಮನ ಪಾಳೆಯದಲ್ಲಿ ದೊಡ್ಡದೊಂದು ವಿಚಾರವೇ ನಡೆಯಿತು. ಬಂದವನು ಗೂಢಚಾರನಾಗಿರಬಹುದೆಂದು ಸುಗ್ರೀವನು ಶಂಕಿಸಿದನು. ಪರೀಕ್ಷಿಸಿ ನೋಡಬೇಕೆಂದು ಅಂಗದನು ಹೇಳಿದನು. ಆಂಜನೇಯನು ಆತನ ಮಾತನ್ನೂ ಮುಖಭಾವವನ್ನೂ ಲಕ್ಷಿಸಿ ಆತನ ಪರವಾಗಿ ನುಡಿದನು. ಎಲ್ಲರ ಅಭಿಪ್ರಾಯವನ್ನೂ ಕೇಳಿದ ಮೇಲೆ ಅಭಯವು ದೊರೆಯಿತು. ಶರಣಾಗತರಕ್ಷಣೆಗೆ ವಿಚಾರಣೆಯೂ ಒಂದು ಅಂಗವೆಂಬುದು ಹೊಸ ಮಾತಲ್ಲ. ಆದರೆ ಆ ವಿಚಾರಣೆಯು ಒಂದೇ ಸಭೆಯಲ್ಲಿ ಮುಗಿಯಿತು. ಅದೇ ಧರ್ಮವು ಕಚೇರಿಯ ಕಡತವನ್ನು ಸೇರಿದಾಗ ಏನಾಗುವುದೆಂಬುದಕ್ಕೆ ಐರ್ಲೆಂಡ್ ದೇಶದ ಇತಿಹಾಸವು ಒಂದು ನಿದರ್ಶನವಾಗಿದೆ.

1951ರಲ್ಲಿ ಜಿನೀವಾ ನಗರದಲ್ಲಿ ಒಂದು ಒಡಂಬಡಿಕೆಯು ಏರ್ಪಟ್ಟಿತು. ಕುಲ, ಮತ, ರಾಷ್ಟ್ರೀಯತೆ, ಸಾಮಾಜಿಕ ವರ್ಗ, ರಾಜಕೀಯ ಅಭಿಪ್ರಾಯ ಎಂಬ ಐದು ಕಾರಣಗಳಿಂದ ಪೀಡನೆಗೆ ಅಂಜಿ ಸ್ವದೇಶವನ್ನು ಬಿಟ್ಟವನೇ ನಿರಾಶ್ರಿತನೆಂದು ಅದು ನಿರ್ಣಯಿಸಿತು. ಐರ್ಲೆಂಡ್ 1956ರಲ್ಲಿ ಅದನ್ನು ಅಂಗೀಕರಿಸಿತು. ಆದರೆ ಯುದ್ಧದ ಬೆಂಕಿಯು ಕುಲವನ್ನೂ ಮತವನ್ನೂ ಕೇಳಿ ಸುಡುವುದಿಲ್ಲವಷ್ಟೆ! ಆದುದರಿಂದ ಐರೋಪ್ಯ ಒಕ್ಕೂಟವು 2004ರಲ್ಲಿ 'ಪೂರಕ ರಕ್ಷಣೆ' ಎಂಬ ಎರಡನೆಯ ಆಸರೆಯನ್ನು ಕಲ್ಪಿಸಿತು. ಮರಣದಂಡನೆ, ಚಿತ್ರಹಿಂಸೆ, ಯುದ್ಧದಲ್ಲಿನ ವಿವೇಚನೆಯಿಲ್ಲದ ಹಿಂಸೆ ಇವುಗಳಿಗೆ ಗುರಿಯಾಗುವವರಿಗೆ ಅದು ಸಲ್ಲತಕ್ಕುದು.

ಐರ್ಲೆಂಡ್ 2006ರಲ್ಲಿ ಈ ನಿಯಮವನ್ನು ಜಾರಿಗೆ ತಂದಿತು. ಆದರೆ ಎರಡು ರಕ್ಷಣೆಗಳಿಗೆ ಎರಡು ಬಾಗಿಲುಗಳನ್ನಿಟ್ಟಿತು. ಮೊದಲು ನಿರಾಶ್ರಿತನೆಂದು ಅರ್ಜಿ ಕೊಡಬೇಕು. ಅದು ತಿರಸ್ಕೃತವಾದ ಬಳಿಕವೇ ಪೂರಕ ರಕ್ಷಣೆಯನ್ನು ಯಾಚಿಸಬೇಕು. ಈ ಎರಡನೆಯ ಅರ್ಜಿಯನ್ನು ಮಂತ್ರಿಯ ಕಚೇರಿಯು ಕಾಗದಗಳ ಮೇಲೆಯೇ ತೀರ್ಮಾನಿಸುತ್ತಿತ್ತು. ವರುಷಗಳು ಉರುಳುತ್ತಿದ್ದವು. ಅರ್ಜಿದಾರರಿಗೆ 2000ದಿಂದ ಸರ್ಕಾರದ ವಸತಿಗಳಲ್ಲಿ ಅನ್ನಾಶ್ರಯಗಳು ದೊರೆಯುತ್ತಿದ್ದವು. ದುಡಿದು ಉಣ್ಣುವ ಹಕ್ಕಾದರೋ 2018ರವರೆಗೂ ದೊರೆಯಲಿಲ್ಲ.

ರುವಾಂಡ ದೇಶದಿಂದ ಬಂದಿದ್ದ ಒಬ್ಬನ ವ್ಯಾಜ್ಯವು ಲಕ್ಸೆಂಬರ್ಗಿನಲ್ಲಿರುವ ಐರೋಪ್ಯ ನ್ಯಾಯಸ್ಥಾನದವರೆಗೆ ಹೋಯಿತು. ಮೊದಲನೆಯ ಅರ್ಜಿಯಲ್ಲಿ ಆತನ ಮಾತನ್ನು ಕೇಳಿಯಾಗಿದೆ, ಮತ್ತೆ ಕೇಳುವುದೇಕೆ ಎಂಬುದು ಸರ್ಕಾರದ ವಾದ. ವಿಚಾರಣೆಗಳು ಎರಡಾದರೆ, ಎರಡರಲ್ಲಿಯೂ ಅರ್ಜಿದಾರನಿಗೆ ತನ್ನ ಮಾತನ್ನು ಹೇಳಿಕೊಳ್ಳುವ ಹಕ್ಕು ಪೂರ್ಣವಾಗಿ ಇರಬೇಕೆಂದು ನ್ಯಾಯಸ್ಥಾನವು 2012ರ ನವೆಂಬರಿನಲ್ಲಿ ತೀರ್ಪಿತ್ತಿತು. 2013ರಲ್ಲಿ ನಿಯಮಗಳು ಬದಲಾದವು. ಬಳಿಕ 2015ರ ಶಾಸನವು ಎರಡು ಬಾಗಿಲುಗಳನ್ನು ಒಂದಾಗಿಸಿತು. 2016ರ ಡಿಸೆಂಬರ್ 31ರಿಂದ ಒಂದೇ ಅರ್ಜಿಯಲ್ಲಿ ಎರಡು ರಕ್ಷಣೆಗಳ ವಿಚಾರಣೆಯೂ ನಡೆಯತೊಡಗಿತು. ಹಳೆಯ ಅರ್ಜಿಗಳು ಸಾವಿರಗಟ್ಟಲೆಯಾಗಿ ಹೊಸ ಕಚೇರಿಗೆ ವರ್ಗವಾದುದರಿಂದ ವಿಳಂಬವು ಮಾತ್ರ ಕೂಡಲೇ ನೀಗಲಿಲ್ಲ.

ಶಂಕಿಸುವುದು ರಾಜ್ಯಕ್ಕೆ ದೋಷವಲ್ಲ, ಸುಗ್ರೀವನೂ ಶಂಕಿಸಿದನು. ಬಾಗಿಲಲ್ಲಿ ನಿಂತವನ ಮಾತನ್ನು ಕೇಳದೆಯೇ ತೀರ್ಮಾನಿಸುವುದು ದೋಷ; ಕೇಳಿದ ಮೇಲೆಯೂ ಉತ್ತರವನ್ನು ಕೊಡದೆ ಆತನ ಆಯುಷ್ಯವನ್ನು ಸವೆಯಿಸುವುದು ಅದಕ್ಕಿಂತ ಕಿರಿದಾದ ದೋಷವೇನೂ ಅಲ್ಲ.