ಒಹಾಯೋದಲ್ಲಿ ಬಾಡಿಗೆಯಿಂದ ಸ್ವಂತ ಮನೆ: ಕೈಗೆಟುಕುವುದು ಯಾವುದು, ಕೈ ಸುಡುವುದು ಯಾವುದು?

ಅಮೆರಿಕದ ಮಧ್ಯಪಶ್ಚಿಮ ಭಾಗದ ಒಹಾಯೋ ರಾಜ್ಯದಲ್ಲಿ ಬ್ಯಾಂಕಿನ ಗೃಹಸಾಲ ದೊರೆಯದವರು ಸ್ವಂತ ಸೂರಿಗಾಗಿ ಹಿಡಿಯುವ ಹಾದಿಗಳಲ್ಲಿ 'ರೆಂಟ್ ಟು ಓನ್' ಪ್ರಮುಖವಾದುದು. ಮೊದಲು ಬಾಡಿಗೆದಾರನಾಗಿ ಮನೆ ಹೊಕ್ಕು, ಕೆಲವು ವರ್ಷಗಳ ನಂತರ ಅದೇ ಮನೆಯನ್ನು ಮೊದಲೇ ಗೊತ್ತುಪಡಿಸಿದ ಬೆಲೆಗೆ ಖರೀದಿಸುವ ಏರ್ಪಾಡು ಇದು. ಕೊಲಂಬಸ್, ಸಿನ್ಸಿನಾಟಿ, ಕ್ಲೀವ್‌ಲ್ಯಾಂಡ್ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ ಈ ಜಾಹೀರಾತು ಫಲಕಗಳು ಅಪರಿಚಿತವಲ್ಲ. ಹೊಸದಾಗಿ ಹೋದವರಿಗೆ ಅಲ್ಲಿ ಸಾಲ ತೀರಿಸಿದ ಚರಿತ್ರೆಯೇ ಇರುವುದಿಲ್ಲವಾದ್ದರಿಂದ, ಕೈತುಂಬ ಸಂಬಳವಿದ್ದರೂ ಬ್ಯಾಂಕು ಹಿಂದೆ ಮುಂದೆ ನೋಡುತ್ತದೆ. ಆಗ ಈ ದಾರಿ ಆಕರ್ಷಕವಾಗಿ ಕಾಣುವುದು ಸಹಜ.

ಬೆಂಗಳೂರಿನ ಓದುಗರು ಇದನ್ನು ನಮ್ಮ ಭೋಗ್ಯದ ಪದ್ಧತಿಯೊಂದಿಗೆ ಹೋಲಿಸಬಾರದು. ಭೋಗ್ಯದಲ್ಲಿ ಕೊಟ್ಟ ಇಡಿಗಂಟು ಅವಧಿ ಮುಗಿದಾಗ ಮರಳಿ ಬರುತ್ತದೆ. ಮನೆ ಮಾಲೀಕನದಾಗಿಯೇ ಉಳಿಯುತ್ತದೆ. ಇದಕ್ಕೆ ಹತ್ತಿರದ ಹೋಲಿಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ನಿವೇಶನ ಹಂಚುವಾಗ ಮಾಡಿಕೊಳ್ಳುತ್ತಿದ್ದ 'ಲೀಸ್ ಕಂ ಸೇಲ್' ಕರಾರು. ಆದರೆ ಒಂದು ವ್ಯತ್ಯಾಸವುಂಟು, ಅದು ಸಣ್ಣದಲ್ಲ. ಇಲ್ಲಿ ಮಾರುವವನು ಸರಕಾರಿ ಪ್ರಾಧಿಕಾರ. ಅಲ್ಲಿ ಬಹುತೇಕ ಖಾಸಗಿ ವ್ಯಕ್ತಿ ಅಥವಾ ಹೂಡಿಕೆ ಸಂಸ್ಥೆ.

ಮೂರು ಬಗೆಯ ಕರಾರು

'ರೆಂಟ್ ಟು ಓನ್' ಎಂಬುದು ಮಾರುಕಟ್ಟೆಯ ಮಾತೇ ಹೊರತು ಕಾನೂನಿನ ಪದವಲ್ಲ. ಆ ಹೆಸರಿನಡಿ ಮೂರು ಬೇರೆ ಬೇರೆ ಕರಾರುಗಳು ಚಲಾವಣೆಯಲ್ಲಿವೆ. 'ಲೀಸ್ ಆಪ್ಷನ್'ನಲ್ಲಿ ಬಾಡಿಗೆದಾರನಿಗೆ ಕೊಳ್ಳುವ ಹಕ್ಕಿದೆ, ಕೊಳ್ಳಲೇಬೇಕೆಂಬ ನಿರ್ಬಂಧವಿಲ್ಲ. 'ಲೀಸ್ ಪರ್ಚೇಸ್'ನಲ್ಲಿ ಕೊಳ್ಳಲೇಬೇಕು. ತಪ್ಪಿದರೆ ಕರಾರು ಮುರಿದಂತೆ. ಮೂರನೆಯದು 'ಲ್ಯಾಂಡ್ ಕಾಂಟ್ರ್ಯಾಕ್ಟ್'. ಇದರಲ್ಲಿ ಬಾಡಿಗೆಯ ಮಾತೇ ಇಲ್ಲ. ಮಾರುವವನೇ ಸಾಲಗಾರನಿಗೆ ಬ್ಯಾಂಕಿನಂತೆ. ಕೊಳ್ಳುವವನು ಕಂತು ಕಟ್ಟುತ್ತಾನೆ, ಕೊನೆಯ ಕಂತು ಸಂದಾಯವಾಗುವವರೆಗೆ ಕ್ರಯಪತ್ರ ಮಾರುವವನ ಕೈಯಲ್ಲೇ ಇರುತ್ತದೆ.

ಕೊಳ್ಳುವವರು ಸಾಮಾನ್ಯವಾಗಿ ತಿಂಗಳ ಮೊತ್ತವನ್ನು ನೋಡುತ್ತಾರೆ, ಕರಾರಿನ ತಲೆಬರಹವನ್ನು ನೋಡುವುದಿಲ್ಲ. ಒಹಾಯೋದಲ್ಲಿ ಆ ತಲೆಬರಹವೇ ಎಲ್ಲವನ್ನೂ ನಿರ್ಧರಿಸುತ್ತದೆ.

ಕಂತು ತಪ್ಪಿದರೆ ಏನಾಗುತ್ತದೆ?

ಲ್ಯಾಂಡ್ ಕಾಂಟ್ರ್ಯಾಕ್ಟ್‌ಗೆ ರಾಜ್ಯದ ಸಂಹಿತೆಯ 5313ನೇ ಅಧ್ಯಾಯ ಅನ್ವಯಿಸುತ್ತದೆ. ಅದರ ಪ್ರಕಾರ ಉಭಯತ್ರರ ಸಹಿಯಾದ 20 ದಿನಗಳೊಳಗೆ ಮಾರುವವನು ಕರಾರಿನ ಪ್ರತಿಯನ್ನು ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ದಾಖಲಿಸಬೇಕು. ಮನೆಯ ಮೇಲಿರುವ ಋಣಭಾರಗಳನ್ನೂ, ಸರಕಾರಿ ಸಂಸ್ಥೆಗಳು ಹೊರಡಿಸಿ ಇನ್ನೂ ಬಾಕಿ ಇರುವ ಆದೇಶಗಳನ್ನೂ ಕರಾರಿನಲ್ಲೇ ನಮೂದಿಸಬೇಕು. ಕೊಳ್ಳುವವನ ಒಪ್ಪಿಗೆಯಿಲ್ಲದೆ, ಕರಾರಿನಲ್ಲಿ ಬಾಕಿ ಉಳಿದಿರುವ ಮೊತ್ತಕ್ಕಿಂತ ಹೆಚ್ಚಿಗೆ ಮನೆಯನ್ನು ಅಡವಿಡುವಂತಿಲ್ಲ. ಮಾರುವವನು ತನ್ನ ಅಡಮಾನದ ಕಂತು ಕಟ್ಟದೆ ಹೋದಲ್ಲಿ ಕೊಳ್ಳುವವನೇ ಅದನ್ನು ನೇರವಾಗಿ ಕಟ್ಟಿ, ತನ್ನ ಲೆಕ್ಕಕ್ಕೆ ಜಮಾ ಮಾಡಿಸಿಕೊಳ್ಳಬಹುದು.

ಕಂತು ತಪ್ಪಿದರೂ ಕೂಡಲೇ ಹೊರಹಾಕಲು ಬರುವುದಿಲ್ಲ. ಮೊದಲು 30 ದಿನ ಕಳೆಯಬೇಕು, ಅನಂತರ 10 ದಿನಗಳ ಲಿಖಿತ ನೋಟಿಸ್ ನೀಡಬೇಕು, ಆಮೇಲೆ ನ್ಯಾಯಾಲಯ. ಐದು ವರ್ಷ ಕಂತು ಕಟ್ಟಿದವನಿಗೆ ಅಥವಾ ಬೆಲೆಯ ಶೇ. 20ರಷ್ಟು ಸಂದಾಯ ಮಾಡಿದವನಿಗೆ ಇನ್ನೂ ಬಲವಾದ ರಕ್ಷಣೆಯಿದೆ. ಅಂಥವನ ಮನೆಯನ್ನು ಬ್ಯಾಂಕುಗಳು ಮಾಡುವಂತೆ ಫೋರ್‌ಕ್ಲೋಷರ್ ದಾವೆ ಹೂಡಿ, ನ್ಯಾಯಾಲಯದ ಮೂಲಕ ಮಾರಾಟ ಮಾಡಿಯೇ ವಶಪಡಿಸಿಕೊಳ್ಳಬೇಕು.

ಲೀಸ್ ಆಪ್ಷನ್ ಮಾಡಿಕೊಂಡವನಿಗೆ ಇವು ಯಾವುವೂ ತಾವಾಗಿ ಲಭಿಸುವುದಿಲ್ಲ. ಕಾನೂನಿನ ಕಣ್ಣಿನಲ್ಲಿ ಅವನು ಬಾಡಿಗೆದಾರ. ಬಾಡಿಗೆ ತಪ್ಪಿದರೆ ಮೂರು ದಿನಗಳ ನೋಟಿಸ್ ಸಾಕು, ಒಕ್ಕಲೆಬ್ಬಿಸುವ ದಾವೆ ಆರಂಭವಾಗುತ್ತದೆ. ನಾಲ್ಕು ವರ್ಷ ಕಟ್ಟಿದ ಹೆಚ್ಚುವರಿ ಹಣವೂ ಆರಂಭದ 'ಆಪ್ಷನ್ ಫೀ'ಯೂ ಸಾಮಾನ್ಯವಾಗಿ ಕರಾರಿನ ಷರತ್ತಿನಂತೆ ಮಾಲೀಕನ ಪಾಲು. ಕಂತು ಮಾರಾಟದ ಲಕ್ಷಣಗಳೆಲ್ಲ ಇದ್ದರೂ ಕೆಲವು ಮಾರಾಟಗಾರರು ಕರಾರಿಗೆ 'ಲೀಸ್' ಎಂಬ ಹೆಸರನ್ನೇ ಏಕೆ ಬಯಸುತ್ತಾರೆಂಬುದು ಇದರಿಂದ ತಿಳಿಯುತ್ತದೆ.

ಹೀಗಿದ್ದರೂ ಬಾಡಿಗೆದಾರನೆಂಬ ಸ್ಥಾನಕ್ಕೂ ಒಂದು ಪ್ರಯೋಜನವಿದೆ. ಮನೆಯನ್ನು ವಾಸಯೋಗ್ಯವಾಗಿ ಇಡುವ ಹೊಣೆಯನ್ನು ರಾಜ್ಯದ ಬಾಡಿಗೆ ಕಾನೂನು ಮಾಲೀಕನ ಮೇಲೆ ಹೊರಿಸಿದೆ. ಕರಾರಿನ ಮೂಲಕ ಅದರಿಂದ ನುಣುಚಿಕೊಳ್ಳಲು ಅವಕಾಶವಿಲ್ಲ. 'ದುರಸ್ತಿಯೆಲ್ಲ ನಿಮ್ಮದೇ, ನೀವೇ ಮುಂದೆ ಮಾಲೀಕರಲ್ಲವೇ' ಎಂಬ ಸವಿಮಾತನ್ನು ಕೇಳಿದಾಗ ಇದು ನೆನಪಿರಲಿ. ಬಾಡಿಗೆದಾರನೂ ಅಲ್ಲದ, ಮಾಲೀಕನೂ ಅಲ್ಲದ ತ್ರಿಶಂಕು ಸ್ಥಿತಿಗೆ ತಳ್ಳುವ ಕರಾರುಗಳು ಈ ವಾಕ್ಯದಿಂದಲೇ ಆರಂಭವಾಗುತ್ತವೆ.

ಅಗ್ಗದ ಲೆಕ್ಕಾಚಾರ

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಮನೆಯ ಬೆಲೆ 1,20,000 ಡಾಲರ್. ಶೇ. 3ರ ಆಪ್ಷನ್ ಫೀ, ಅಂದರೆ 3,600 ಡಾಲರ್. ಆ ಬಡಾವಣೆಯ ಬಾಡಿಗೆ 1,000 ಡಾಲರ್ ಇರುವಲ್ಲಿ 1,200 ಕೊಡಬೇಕು. ಹೆಚ್ಚುವರಿ 200 ಡಾಲರ್ ಮುಂದೆ ಬೆಲೆಯಲ್ಲಿ ವಜಾ. ಮೂರು ವರ್ಷಗಳಲ್ಲಿ ಈ ಹೆಚ್ಚುವರಿ 7,200 ಡಾಲರ್ ಆಗುತ್ತದೆ. ಫೀ ಸೇರಿ 10,800.

ಸರಕಾರದ ಎಫ್‌ಎಚ್‌ಎ ಖಾತರಿಯುಳ್ಳ ಗೃಹಸಾಲಕ್ಕೆ 580ರ ಕ್ರೆಡಿಟ್ ಸ್ಕೋರ್ ಇದ್ದವರು ಶೇ. 3.5ರಷ್ಟು ಕೈಯಿಂದ ಹಾಕಿದರೆ ಸಾಕು. ಇದೇ ಮನೆಗೆ ಅದು 4,200 ಡಾಲರ್. ಅಂದರೆ ಆಪ್ಷನ್ ಫೀಗೆ ಮೂರು ತಿಂಗಳ ಹೆಚ್ಚುವರಿ ಬಾಡಿಗೆ ಸೇರಿಸಿದರೆ, ನೋಂದಣಿ ಮತ್ತಿತರ ವೆಚ್ಚಗಳನ್ನು ಬಿಟ್ಟು, ಆ ಮೊತ್ತ ಸಿದ್ಧ! ಹಾಗಾದರೆ ಅನೇಕರಿಗೆ ಕೊರತೆ ಇರುವುದು ಹಣದ್ದಲ್ಲ, ಸ್ಕೋರಿನದು. ಮೂರು ವರ್ಷ ಕಳೆದರೂ ಸ್ಕೋರ್ ಸುಧಾರಿಸದಿದ್ದರೆ ಬ್ಯಾಂಕು ಆಗಲೂ ಸಾಲ ಕೊಡುವುದಿಲ್ಲ, ಕೊಳ್ಳುವ ಹಕ್ಕಿನ ಅವಧಿ ಮುಗಿಯುತ್ತದೆ, 10,800 ಡಾಲರ್ ಹೋಗುತ್ತದೆ.

ಇನ್ನೊಂದು ತೊಡಕು ಕೊನೆಯ ಗಳಿಗೆಯಲ್ಲಿ ಹಲವರನ್ನು ಕಾಡುತ್ತದೆ. ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮದಂತೆ, ಮಾರುಕಟ್ಟೆ ಬಾಡಿಗೆಗಿಂತ ಹೆಚ್ಚಾಗಿ ಕೊಟ್ಟ ಭಾಗಕ್ಕೆ ಮಾತ್ರ ಡೌನ್ ಪೇಮೆಂಟ್‌ನ ಮಾನ್ಯತೆ ದೊರೆಯುತ್ತದೆ. ಕರಾರಿನ ಅವಧಿಯೂ ಕನಿಷ್ಠ 12 ತಿಂಗಳಿರಬೇಕು. ಮೌಲ್ಯಮಾಪಕನು ಅಲ್ಲಿನ ಬಾಡಿಗೆಯೇ 1,200 ಎಂದು ಬರೆದರೆ, ಕರಾರು ಏನೇ ಹೇಳಲಿ, ಬ್ಯಾಂಕಿನ ಲೆಕ್ಕದಲ್ಲಿ ಜಮೆ ಸೊನ್ನೆ.

ಮನೆಗಳು ಎಲ್ಲಿವೆ?

ಅಗ್ಗದ ಮನೆಗಳು ಹೆಚ್ಚಾಗಿರುವುದು ಕಾರ್ಖಾನೆಗಳು ಮುಚ್ಚಿ ಜನಸಂಖ್ಯೆ ಕರಗಿದ ಕ್ಲೀವ್‌ಲ್ಯಾಂಡ್, ಯಂಗ್ಸ್‌ಟೌನ್, ಡೇಟನ್, ಟೊಲೀಡೊಗಳಲ್ಲಿ. ಕೊಲಂಬಸ್‌ನ ಕತೆ ಬೇರೆ. ಬೆಳೆಯುತ್ತಿರುವ ಆ ನಗರದ ಪಕ್ಕದಲ್ಲೇ ಇಂಟೆಲ್ ಸಂಸ್ಥೆ 2022ರಲ್ಲಿ ಚಿಪ್ ಕಾರ್ಖಾನೆ ಘೋಷಿಸಿತು. ಅಲ್ಲಿ ಅಗ್ಗದ ಮನೆ ಹುಡುಕುವುದು ಸುಲಭವಲ್ಲ.

ನಂಬಿಕೆಗೆ ಅರ್ಹವಾದ ಮಾದರಿಯೊಂದು ಕ್ಲೀವ್‌ಲ್ಯಾಂಡ್‌ನಲ್ಲಿದೆ. 1981ರಲ್ಲಿ ಕ್ಲೀವ್‌ಲ್ಯಾಂಡ್ ಹೌಸಿಂಗ್ ನೆಟ್‌ವರ್ಕ್ ಎಂಬ ಹೆಸರಿನಿಂದ ಆರಂಭವಾಗಿ, ಈಗ ಸಿಎಚ್‌ಎನ್ ಹೌಸಿಂಗ್ ಪಾರ್ಟ್‌ನರ್ಸ್ ಎಂದು ಕರೆಯಲಾಗುವ ಲಾಭರಹಿತ ಸಂಸ್ಥೆಯದು ಅದು. 1986ರ ತೆರಿಗೆ ಸುಧಾರಣಾ ಕಾಯ್ದೆ ಒದಗಿಸಿದ ವಸತಿ ತೆರಿಗೆ ರಿಯಾಯಿತಿಯ ನೆರವಿನಿಂದ ಬಿಡಿ ಮನೆಗಳನ್ನು ಸಿದ್ಧಪಡಿಸಿ, ಕಡಿಮೆ ಆದಾಯದ ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟು, 15 ವರ್ಷಗಳ ನಂತರ ಮಾರುಕಟ್ಟೆಗಿಂತ ಬಹಳ ಕಡಿಮೆ ಬೆಲೆಗೆ ಅವರಿಗೇ ಮಾರುವುದು ಇದರ ಕ್ರಮ. ಹದಿನೈದು ವರ್ಷ ದೀರ್ಘವೆನಿಸಬಹುದು. ಆದರೆ ದುರಸ್ತಿಯ ಭಾರ ಅಲ್ಲಿಯವರೆಗೆ ಸಂಸ್ಥೆಯದು, ಅವಸರದ ಲಾಭ ಯಾರಿಗೂ ಇಲ್ಲ.

ಇದಕ್ಕೆ ವ್ಯತಿರಿಕ್ತವಾದ ಅಧ್ಯಾಯವೂ ಇದೆ. 2008ರ ಗೃಹಸಾಲ ಬಿಕ್ಕಟ್ಟಿನ ತರುವಾಯ ಜಪ್ತಿಯಾದ ಮನೆಗಳನ್ನು ಹೂಡಿಕೆ ಸಂಸ್ಥೆಗಳು ಸಗಟಾಗಿ ಕೊಂಡು, ರಿಪೇರಿ ಮಾಡದೆ ಕಂತಿನ ಮೇಲೆ ಮಾರತೊಡಗಿದವು. ಟೆಕ್ಸಾಸ್ ಮೂಲದ ಹಾರ್ಬರ್ ಪೋರ್ಟ್‌ಫೋಲಿಯೋ ಸಂಸ್ಥೆಯ ವಿರುದ್ಧ ಸಿನ್ಸಿನಾಟಿ ನಗರಾಡಳಿತವೇ 2017ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ನೆರೆಯ ಷಿಕಾಗೋದಲ್ಲಿ 1950-60ರ ದಶಕಗಳಲ್ಲಿ ಬ್ಯಾಂಕುಗಳು ದೂರವಿಟ್ಟ ಕರಿಯ ಕುಟುಂಬಗಳು ಇಂಥದೇ ಕಂತಿನ ಕರಾರುಗಳಲ್ಲಿ ಮನೆ, ಹಣ ಎರಡನ್ನೂ ಕಳೆದುಕೊಂಡು, 1968ರಲ್ಲಿ ಸಂಘ ಕಟ್ಟಿ ಹೋರಾಡಿದ್ದು ಇತಿಹಾಸ.

ಆಯ್ದ ಮನೆ ಕೊಂಡು ಬಾಡಿಗೆಗೆ ಕೊಡುವ ದೊಡ್ಡ ಕಂಪನಿಗಳ ವ್ಯವಹಾರವೂ ಸ್ಥಿರವಲ್ಲ. ಅವುಗಳಲ್ಲೊಂದಾದ ಹೋಮ್ ಪಾರ್ಟ್‌ನರ್ಸ್ ಆಫ್ ಅಮೆರಿಕ 2021ರಲ್ಲಿ ಬ್ಲ್ಯಾಕ್‌ಸ್ಟೋನ್ ಪಾಲಾಯಿತು. ಡಿವ್ವಿ ಹೋಮ್ಸ್‌ನ ಮಾರಾಟ 2025ರಲ್ಲಿ ಪ್ರಕಟವಾಯಿತು. ಕರಾರಿನ ಇನ್ನೊಂದು ಬದಿಯವರು ನಡುವೆ ಬದಲಾದರೆ ಹಕ್ಕು ಉಳಿಯುವುದೇ ಎಂದು ಮೊದಲೇ ಕೇಳಿ ಬರೆಸಿಕೊಳ್ಳುವುದು ಲೇಸು.

ಸಹಿಗೆ ಮುನ್ನ

ಒಹಾಯೋದ 88 ಕೌಂಟಿಗಳಲ್ಲಿ ಆಸ್ತಿ ದಾಖಲೆಗಳು ಸಾರ್ವಜನಿಕರಿಗೆ ಮುಕ್ತ. ನಮ್ಮಲ್ಲಿ ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪತ್ರ ತೆಗೆಸುವಂತೆ ಅಲ್ಲಿ ರೆಕಾರ್ಡರ್ ಕಚೇರಿಯಲ್ಲಿ ಮಾರುವವನೇ ನಿಜವಾದ ಮಾಲೀಕನೇ, ಅಡಮಾನವೆಷ್ಟು ಎಂದು ನೋಡಬೇಕು. ತೆರಿಗೆ ಬಾಕಿ ಮತ್ತು ಹಿಂದಿನ ಮಾರಾಟದ ಬೆಲೆ ಕೌಂಟಿ ಆಡಿಟರ್ ಬಳಿ ತಿಳಿಯುತ್ತವೆ. ಕ್ಲೀವ್‌ಲ್ಯಾಂಡ್ ಇರುವ ಕಯಾಹೋಗಾ ಕೌಂಟಿಯಲ್ಲಿ ಈ ಕೆಲಸ ಫಿಸ್ಕಲ್ ಆಫೀಸರ್‌ರದು. ಕಳೆದ ವರ್ಷ 30,000 ಡಾಲರಿಗೆ ಹೋದ ಮನೆಯನ್ನು ಏನೂ ರಿಪೇರಿ ಮಾಡದೆ 90,000ಕ್ಕೆ ಹೇಳುತ್ತಿದ್ದರೆ ಬೇರೆ ಪುರಾವೆ ಬೇಕಿಲ್ಲ. ನಗರದ ಕಟ್ಟಡ ವಿಭಾಗದಲ್ಲಿ ಕೆಡಹುವ ಆದೇಶವಿದೆಯೇ ಎಂದು ವಿಚಾರಿಸಬೇಕು. 1978ಕ್ಕೆ ಮುಂಚಿನ ಮನೆಯಾದರೆ ಸೀಸದ ಬಣ್ಣದ ಬಗ್ಗೆ ಲಿಖಿತ ಮಾಹಿತಿ ಕೇಳುವುದು ಫೆಡರಲ್ ಕಾನೂನು ಕೊಟ್ಟ ಹಕ್ಕು. ಚಿಕ್ಕ ಮಕ್ಕಳಿರುವವರು ಇದನ್ನು ಬಿಡಲೇಬಾರದು. ಸ್ವತಂತ್ರ ಪರಿವೀಕ್ಷಕನಿಗೆ ಕೊಡುವ ಕೆಲವು ನೂರು ಡಾಲರ್ ದಂಡವಲ್ಲ.

ಕೇಂದ್ರ ವಸತಿ ಇಲಾಖೆ ಮಾನ್ಯ ಮಾಡಿದ ಸಲಹಾ ಸಂಸ್ಥೆಗಳು ಸ್ಕೋರ್ ಸುಧಾರಣೆಗೂ ಕರಾರಿನ ಪರಿಶೀಲನೆಗೂ ಉಚಿತವಾಗಿ ಅಥವಾ ಅಲ್ಪ ಶುಲ್ಕಕ್ಕೆ ನೆರವಾಗುತ್ತವೆ. ಒಹಾಯೋ ಹೌಸಿಂಗ್ ಫೈನಾನ್ಸ್ ಏಜೆನ್ಸಿಯಿಂದ ಡೌನ್ ಪೇಮೆಂಟ್ ನೆರವು ದೊರೆಯುವುದಾದರೆ 'ರೆಂಟ್ ಟು ಓನ್' ಅಗತ್ಯವೇ ಬೀಳದು. ಗ್ರಾಮೀಣ ಭಾಗದಲ್ಲಿ ಕೃಷಿ ಇಲಾಖೆಯ ಗೃಹಸಾಲಕ್ಕೆ ಮುಂಗಡವೇ ಬೇಕಿಲ್ಲ.

ಎಚ್-1ಬಿ ವೀಸಾದಲ್ಲಿರುವವರಿಗೆ ಒಂದು ಪ್ರತ್ಯೇಕ ಸೂಚನೆ. 2025ರ ಮೇ ತಿಂಗಳಿಂದ ಕಾಯಂ ನಿವಾಸಿಗಳಲ್ಲದವರಿಗೆ ಎಫ್‌ಎಚ್‌ಎ ಖಾತರಿಯ ಸಾಲ ನಿಂತಿದೆ. ಆ ಸಾಲವನ್ನೇ ನಂಬಿ ಮೂರು ವರ್ಷದ ಲೀಸ್ ಆಪ್ಷನ್‌ಗೆ ಸಹಿ ಹಾಕುವವರು, ಅವಧಿ ಮುಗಿಯುವುದರೊಳಗೆ ಗ್ರೀನ್ ಕಾರ್ಡ್ ಬರುವುದೇ, ಬಾರದಿದ್ದರೆ ಸಾಮಾನ್ಯ ಬ್ಯಾಂಕ್ ಸಾಲಕ್ಕೆ ತಮ್ಮ ಸ್ಕೋರ್ ಸಾಕಾಗುವುದೇ ಎಂದು ಬ್ಯಾಂಕಿನಲ್ಲೇ ಮುಂಚಿತವಾಗಿ ಕೇಳಿ ತಿಳಿಯಬೇಕು.