ಗಾದರಿ, ಸೀನು ಮತ್ತು ಒಂದು ಮಾತ್ರೆ: ಕೊಳ್ಳೇಗಾಲ ಸೀಮೆಯಿಂದ ನೋಡಿದ ಆಂಟಿಹಿಸ್ಟಮಿನ್ ಚರಿತ್ರೆ

ಕೊಳ್ಳೇಗಾಲದ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆ ಹುಳ ಹಣ್ಣಾಗಿ ಚಂದ್ರಿಕೆ ಏರಿದರೆ ಮನೆಮಂದಿಗೆಲ್ಲ ಕೈತುಂಬ ಕೆಲಸ. ಗೂಡು ಬಿಡಿಸಬೇಕು, ಆರಿಸಬೇಕು, ಮಾರುಕಟ್ಟೆಗೆ ಸಾಗಿಸಬೇಕು. ಅದೇ ದಿನಗಳಲ್ಲಿ ಕೆಲವರಿಗೆ ಸಾಲು ಸಾಲು ಸೀನು, ಕಣ್ಣುರಿ. ಇನ್ನು ಕೆಲವರಿಗೆ ಮೊಣಕೈ, ಕುತ್ತಿಗೆಯ ಮೇಲೆ ಗಾದರಿ. ಮೆಡಿಕಲ್ ಸ್ಟೋರಿನಲ್ಲಿ ಹಿರಿಯರು ಕೇಳುವುದು ‘ಅವಿಲ್’, ಹುಡುಗರು ಕೇಳುವುದು ‘ಸಿಟ್ರಿಜಿನ್’. ಎರಡೂ ಅಲರ್ಜಿಯ ಮಾತ್ರೆಗಳೇ. ಆದರೆ ಇವು ಎರಡು ಬೇರೆ ತಲೆಮಾರಿನ ಔಷಧಿಗಳು. ನಡುವೆ ಸುಮಾರು ನಲವತ್ತು ವರ್ಷಗಳ ಸಂಶೋಧನೆಯಿದೆ. ಹಳೆಯ ಮಾತ್ರೆಯ ಕೆಡುಕು ಗೊತ್ತಾಗಿ ದಶಕಗಳು ಕಳೆದರೂ ಅದು ಇನ್ನೂ ನಮ್ಮ ನಾಲಿಗೆಯ ಮೇಲೆ, ಜೇಬಿನಲ್ಲಿ ಉಳಿದುಕೊಂಡಿದೆ ಎಂಬುದೇ ಈ ಲೇಖನದ ಕಾಳಜಿ.

ರೋಗವಂತೂ ಹೊಸದಲ್ಲ. ನಮ್ಮ ಕಡೆ ಪಿತ್ತಗಂಧೆ, ಪಿತ್ತದ ಗಾದರಿ ಎನ್ನುವುದನ್ನು ಮಾಧವಕರನ ‘ಮಾಧವನಿದಾನ’ ಶೀತಪಿತ್ತವೆಂದು ಕರೆದು, ಕಣಜ ಕಚ್ಚಿದಲ್ಲಿ ಏಳುವ ಬಾವಿಗೆ ಹೋಲಿಸುತ್ತದೆ. ತಣ್ಣನೆಯ ಗಾಳಿಯನ್ನು ಕಾರಣಗಳಲ್ಲಿ ಎಣಿಸುತ್ತದೆ. ಆ ಹೋಲಿಕೆ ಬೆರಗಾಗುವಷ್ಟು ನಿಖರ. ಕಣಜದ ಕಡಿತದಲ್ಲೂ ಗಾದರಿಯಲ್ಲೂ ಚರ್ಮ ಉಬ್ಬುವುದರ ಹಿಂದೆ ದೊಡ್ಡ ಪಾಲು ಒಂದೇ ವಸ್ತುವಿನದು ಎಂಬುದು ತಿಳಿಯಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು.

ಆ ವಸ್ತು ಹಿಸ್ಟಮಿನ್. 1907ರಲ್ಲಿ ವಿಂಡೌಸ್ ಮತ್ತು ಫೋಗ್ಟ್ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. 1910ರಲ್ಲಿ ಲಂಡನ್ನಿನ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್ಲಾ ಅದನ್ನು ಪ್ರಾಣಿಗಳಿಗೆ ಕೊಟ್ಟಾಗ ಶ್ವಾಸನಾಳ ಬಿಗಿಯಿತು, ರಕ್ತದೊತ್ತಡ ಕುಸಿಯಿತು. ಮುಂದೆ ಥಾಮಸ್ ಲೂಯಿಸ್ ಹಿಸ್ಟಮಿನ್ನಿನ ಆಟವನ್ನು ಚರ್ಮದ ಮೇಲೆಯೇ ಹತ್ತಿರದಿಂದ ನೋಡಿದ. ಚರ್ಮದ ಮೇಲೆ ಗಟ್ಟಿಯಾಗಿ ಗೀರಿದರೆ ಮೊದಲು ಕೆಂಪು ಗೆರೆ, ಆಮೇಲೆ ಅದರ ಸುತ್ತ ಹರಡುವ ಕೆಂಪು, ಕೊನೆಗೆ ಗೆರೆಯುದ್ದಕ್ಕೂ ಉಬ್ಬು. ಗಂಧೆ ಬರುವ ಕೆಲವರ ಬೆನ್ನ ಮೇಲೆ ಉಗುರಿನಿಂದ ಬರೆದ ಅಕ್ಷರ ಕೆಲವೇ ನಿಮಿಷದಲ್ಲಿ ಉಬ್ಬಿ ನಿಲ್ಲುವುದನ್ನು ಇಂದೂ ಕಾಣಬಹುದು.

ಹಿಸ್ಟಮಿನ್‌ಗೆ ಅಡ್ಡ ನಿಲ್ಲುವ ಮೊದಲ ರಾಸಾಯನಿಕ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಹೊರಬಂತು. ಅದನ್ನು ಕಂಡವರು ಡೇನಿಯಲ್ ಬೊವೆ ಮತ್ತು ಆನ್-ಮರಿ ಸ್ಟಾಬ್, ವರ್ಷ 1937. ಆಗ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು, ಹನೂರು ಅದರೊಳಗೇ ಇತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಬೊವೆಯ ವಸ್ತು ಮನುಷ್ಯರಿಗೆ ಕೊಡಲಾಗದಷ್ಟು ವಿಷಕಾರಿಯಾಗಿತ್ತು. 1942ರಲ್ಲಿ ಹಾಲ್‌ಪರ್ನ್ ‘ಆಂಟೆರ್ಗಾನ್’ ತಂದ ಮೇಲೆಯೇ ರೋಗಿಗಳಿಗೆ ನೆಮ್ಮದಿ. 1943ರಲ್ಲಿ ಅಮೆರಿಕದ ಜಾರ್ಜ್ ರೀವ್‌ಶಲ್ ಡೈಫೆನ್‌ಹೈಡ್ರಮಿನ್ ತಯಾರಿಸಿದ. 1946ರಲ್ಲಿ ಅದು ‘ಬೆನಡ್ರಿಲ್’ ಆಗಿ ಮಾರುಕಟ್ಟೆಗೆ ಬಂತು. ಪ್ರೊಮೆಥಜಿನ್, ಫೆನಿರಮಿನ್ ಅಂದರೆ ನಮ್ಮ ಅವಿಲ್, ಮತ್ತು ಆಸ್ಪತ್ರೆಗಳಲ್ಲಿ ಸಿಪಿಎಂ ಎಂದು ಕರೆಯುವ ಕ್ಲೋರ್‌ಫೆನಿರಮಿನ್ ಅದೇ ದಶಕದ ಆಸುಪಾಸಿನವು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ಬೊವೆಗೆ ನೊಬೆಲ್ ಬಂತು.

ಈ ಮೊದಲ ತಲೆಮಾರಿಗೆಲ್ಲ ಸಮಾನವಾದ ದೊಡ್ಡ ದೋಷ: ನಿದ್ದೆ. ಈ ಔಷಧಿಗಳು ರಕ್ತದಿಂದ ಮಿದುಳಿಗೆ ಸಲೀಸಾಗಿ ನುಸುಳುತ್ತವೆ, ಅಲ್ಲಿ ನಮ್ಮನ್ನು ಎಚ್ಚರವಾಗಿಡುವ ಹಿಸ್ಟಮಿನ್ನನ್ನೂ ತಡೆದುಬಿಡುತ್ತವೆ. ಜಪಾನಿನ ತೊಹೋಕು ವಿಶ್ವವಿದ್ಯಾಲಯದ ಕಾಜುಹಿಕೊ ಯಾನಾಯ್ ಮತ್ತು ಸಂಗಡಿಗರು ಮಿದುಳಿನ ಸ್ಕ್ಯಾನ್ ಮೂಲಕ ಇದನ್ನು ಅಳೆದು ತೋರಿಸಿದರು. ಹಳೆಯ ಮಾತ್ರೆಗಳು ಅಲ್ಲಿನ ಹಿಸ್ಟಮಿನ್ ಗ್ರಾಹಕಗಳಲ್ಲಿ ಅರ್ಧದಷ್ಟನ್ನು, ಕೆಲವೊಮ್ಮೆ ಇನ್ನೂ ಹೆಚ್ಚನ್ನು ಆವರಿಸುತ್ತವೆ. ಎರಡನೆಯ ತಲೆಮಾರಿನ ಸೆಟಿರಿಜಿನ್ (ಅಂಗಡಿಯ ‘ಸಿಟ್ರಿಜಿನ್’) ಆವರಿಸುವುದು ಬಹಳ ಕಡಿಮೆ, ಅದೇ ತಲೆಮಾರಿನ ಫೆಕ್ಸೊಫೆನಡಿನ್ ಹೆಚ್ಚುಕಡಿಮೆ ಸೊನ್ನೆ. ರಾತ್ರಿ ನುಂಗಿದ ಸಿಪಿಎಂನ ಮಂಪರು ಮರುದಿನ ಬೆಳಿಗ್ಗೆಯೂ ಉಳಿದಿರಬಹುದು. ತಾಳುಬೆಟ್ಟದಿಂದ ಮಹದೇಶ್ವರ ಬೆಟ್ಟಕ್ಕೆ ತಿರುವು ಮೇಲೆ ತಿರುವು ಹತ್ತಿಸುವ ಚಾಲಕನಿಗೆ, ಬಿಸಿನೀರಿನ ಬೇಸಿನ್ನಿನಲ್ಲಿ ಕೈಯಾಡಿಸುತ್ತ ಗೂಡಿನ ಎಳೆ ಹುಡುಕುವ ಹೆಣ್ಣುಮಗಳಿಗೆ ಆ ಮಂಪರು ಎಷ್ಟು ಅಪಾಯವೆಂದು ಬಿಡಿಸಿ ಹೇಳಬೇಕಿಲ್ಲ. ವಯಸ್ಸಾದವರಲ್ಲಿ ಬಾಯಿ ಒಣಗುವುದು, ಮಲಬದ್ಧತೆ, ಪ್ರಾಸ್ಟೇಟ್ ತೊಂದರೆಯಿದ್ದರೆ ಮೂತ್ರ ಕಟ್ಟುವುದು, ಗೊಂದಲಗೊಂಡು ಬೀಳುವುದು, ಇವೂ ಇದೇ ಮಾತ್ರೆಗಳ ಕಾಟ.

ನಿದ್ದೆ ತಾರದ ಔಷಧಿಯ ಹುಡುಕಾಟವೂ ಸುಗಮವಾಗಿರಲಿಲ್ಲ. 1980ರ ದಶಕದ ಮೆಚ್ಚಿನ ಮಾತ್ರೆ ಟೆರ್ಫೆನಡಿನ್. ಅದನ್ನು ಎರಿತ್ರೊಮೈಸಿನ್, ಕೀಟೊಕೊನಜೋಲ್‌ನಂಥ ಔಷಧಿಗಳ ಜೊತೆ ತೆಗೆದುಕೊಂಡ ಕೆಲವರಲ್ಲಿ ಹೃದಯದ ಬಡಿತ ಪ್ರಾಣಾಪಾಯವಾಗುವಷ್ಟು ಲಯ ತಪ್ಪಿತು. ಅಸ್ಟೆಮಿಜೋಲ್‌ನದೂ ಅದೇ ಕಥೆ. 1990ರ ದಶಕ ಮುಗಿಯುವಷ್ಟರಲ್ಲಿ ಎರಡೂ ಅಮೆರಿಕದ ಅಂಗಡಿಗಳಿಂದ ಮರೆಯಾದವು, 2003ರಲ್ಲಿ ಭಾರತವೂ ನಿಷೇಧಿಸಿತು. ಟೆರ್ಫೆನಡಿನ್ ದೇಹದಲ್ಲಿ ಬದಲಾಗಿ ಉಂಟಾಗುವ ವಸ್ತುವನ್ನೇ ಬೇರ್ಪಡಿಸಿದಾಗ ಹೃದಯಕ್ಕೆ ಆ ತೊಂದರೆ ಕೊಡದ ಫೆಕ್ಸೊಫೆನಡಿನ್ ದೊರೆಯಿತು. ಹಾಗೆಯೇ ಹಳೆಯ ಹೈಡ್ರಾಕ್ಸಿಜಿನ್‌ನಿಂದ ಬೆಲ್ಜಿಯಂನ ಯುಸಿಬಿ ಕಂಪನಿ ಸೆಟಿರಿಜಿನ್ ಪಡೆಯಿತು. ಗಂಧೆಗೆ ಮೊದಲ ಚಿಕಿತ್ಸೆ ಈ ಎರಡನೆಯ ತಲೆಮಾರಿನ ಮಾತ್ರೆಗಳೇ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಇಂದು ಒಮ್ಮತದಿಂದ ಹೇಳುತ್ತವೆ.

ಆದರೆ ಮಾತ್ರೆ ಎಷ್ಟೇ ಒಳ್ಳೆಯದಾದರೂ ಅದರ ಕೈಗೆ ಎಟುಕುವುದು ಹಿಸ್ಟಮಿನ್ ಮಾತ್ರ. ಇದನ್ನು ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರೂ ತಾಲ್ಲೂಕುಗಳ ಬದುಕೇ ತೋರಿಸಿಕೊಡುತ್ತದೆ.

ರೇಷ್ಮೆಯನ್ನೇ ನೋಡಿ. ಮದರಾಸು ಪ್ರಾಂತ್ಯದ ರೇಷ್ಮೆ ಸಾಕಣೆಗೆ ಕೊಳ್ಳೇಗಾಲವೇ ನೆಲೆಯಾಗಿತ್ತು. ಪಕ್ಕದ ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲಿ ಸರ್ಕಾರಿ ಫಿಲೇಚರ್ (ಗೂಡಿನಿಂದ ನೂಲು ತೆಗೆಯುವ ಕಾರ್ಖಾನೆ) ಇತ್ತು. ಇಂಥ ಫಿಲೇಚರ್ ಕೆಲಸಗಾರರಲ್ಲಿ ಕಸುಬಿನಿಂದಲೇ ಬರುವ ಉಬ್ಬಸದ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಅವರ ತಂಡದ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ಚಿಟ್ಟೆಯ ರೆಕ್ಕೆಯ ಹುಡಿ, ಗೂಡಿನ ಅಂಟು, ಕೋಶದ ಪ್ರೋಟೀನು ಉಸಿರಿನೊಡನೆ ಒಳಹೋಗಿ ಅಲರ್ಜಿ ಎಬ್ಬಿಸುತ್ತವೆ. ಸೆಟಿರಿಜಿನ್ ಸೀನನ್ನು ನಿಲ್ಲಿಸುತ್ತದೆ, ಉಬ್ಬಸವನ್ನಲ್ಲ. ಎದೆ ಬಿಗಿದು ಉಸಿರಿನಲ್ಲಿ ಸಿಳ್ಳೆ ಬರುತ್ತಿರುವವರು ಮಾತ್ರೆಯನ್ನೇ ನಂಬಿ ಕೂತರೆ ರೋಗ ಒಳಗೊಳಗೇ ಬಲಿಯುತ್ತದೆ. ಅವರಿಗೆ ಬೇಕಾದದ್ದು ಇನ್‌ಹೇಲರ್, ಹಾಗೂ ಹುಳಮನೆಗೆ ಗಾಳಿಯಾಡುವ ವ್ಯವಸ್ಥೆ.

1955ರಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು ಆಮೇಲೆ ನಾಡೆಲ್ಲ ಹಬ್ಬಿದ ಕಾಂಗ್ರೆಸ್ ಗಿಡ ಇನ್ನೂ ಸೂಕ್ಷ್ಮವಾದ ಉದಾಹರಣೆ. ಮಳೆ ಬಿದ್ದ ಮೇಲೆ ರಸ್ತೆಯಂಚು, ಬೀಳು ಹೊಲಗಳೆಲ್ಲ ಅದರದೇ ಬಿಳಿ ಹೂವು. ಸುಬ್ಬರಾವ್ ಅವರ ತಂಡವೇ ಅದರ ಪರಾಗ ಬೆಂಗಳೂರಿನ ಮೂಗಿನ ಅಲರ್ಜಿಗೆ ದೊಡ್ಡ ಕಾರಣವೆಂದು ತೋರಿಸಿತು. ಅದೇ ಗಿಡ ಕಳೆ ಕೀಳುವವರ ಮುಖ, ಕುತ್ತಿಗೆ, ಮೊಣಕೈಗಳಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗುವ ಎಕ್ಸಿಮವನ್ನೂ ತರುತ್ತದೆ. ಮೂಗಿನ ತೊಂದರೆಯಲ್ಲಿ ಹಿಸ್ಟಮಿನ್ ಪಾತ್ರ ದೊಡ್ಡದು, ಮಾತ್ರೆ ಕೆಲಸ ಮಾಡುತ್ತದೆ. ಎಕ್ಸಿಮ ಪಾರ್ಥೆನಿನ್ ಎಂಬ ರಾಸಾಯನಿಕಕ್ಕೆ ರಕ್ತದ ಬಿಳಿಕಣಗಳು ತಡವಾಗಿ ತೋರುವ ಪ್ರತಿಕ್ರಿಯೆ. ಅಲ್ಲಿ ಮಾತ್ರೆಯಿಂದ ಪ್ರಯೋಜನ ತೀರ ಅಲ್ಪ. ಗಿಡ ಒಂದೇ, ರೋಗ ಎರಡು.

ಇನ್ನು ಬಿಳಿಗಿರಿರಂಗನ ಬೆಟ್ಟದ ಕಾಡು. ಸೋಲಿಗರು ಹೆಜ್ಜೇನು ಇಳಿಸುವ ಕಾಲದಲ್ಲಿ ಕಡಿತ ಮಾಮೂಲು. ಕಡಿದ ಜಾಗದಲ್ಲಷ್ಟೇ ಊತ, ತುರಿಕೆ ಇದ್ದರೆ ಮಾತ್ರೆ ಸಾಕು. ಮೈಯೆಲ್ಲ ಗಾದರಿ ಎದ್ದು ಜೊತೆಗೆ ತುಟಿ-ನಾಲಿಗೆ ಊದುವುದು, ದನಿ ಗೊಗ್ಗರಾಗುವುದು, ಉಸಿರು ಕಟ್ಟುವುದು, ವಾಂತಿ, ತಲೆಸುತ್ತು ಕಂಡರೆ ಅದು ಅನಫಿಲ್ಯಾಕ್ಸಿಸ್. ಆಗ ಜೀವ ಉಳಿಸುವುದು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಲಿನ್; ದೊಡ್ಡವರಿಗೆ 0.5 ಮಿಲಿಗ್ರಾಂ. ಅವಿಲ್ ಇಂಜೆಕ್ಷನ್ ಅದಕ್ಕೆ ಬದಲಿಯಲ್ಲ. ಶ್ರೀಲಂಕಾದಲ್ಲಿ ಹಾವು ಕಚ್ಚಿದ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಿಷನಿರೋಧಕ ಔಷಧಿಯಿಂದಾಗುವ ತೀವ್ರ ಅಲರ್ಜಿಯನ್ನು ತಗ್ಗಿಸಿದ್ದು ಮುಂಚಿತವಾಗಿ ಕೊಟ್ಟ ಅಲ್ಪ ಪ್ರಮಾಣದ ಅಡ್ರಿನಲಿನ್. ಪ್ರೊಮೆಥಜಿನ್‌ನಿಂದ ಆ ಲಾಭ ಕಾಣಲಿಲ್ಲ. ಹನೂರಿನ ಕಾಡಂಚಿನ ಊರುಗಳಿಗೆ ಇದಕ್ಕಿಂತ ಮುಖ್ಯವಾದ ಪಾಠ ಈ ಚರಿತ್ರೆಯಲ್ಲಿ ಇನ್ನೊಂದಿಲ್ಲ.

ದಿನಬಳಕೆಯ ಮಾತಿಗೆ ಬಂದರೆ, ಆರೋಗ್ಯವಂತ ವಯಸ್ಕರಿಗೆ ಸೆಟಿರಿಜಿನ್ 10 ಮಿಲಿಗ್ರಾಂ, ದಿನಕ್ಕೆ ಒಂದು. ಅದೂ ಕೆಲವರಿಗೆ ತೂಕಡಿಕೆ ತರುತ್ತದೆ. ಹೆಂಡ ಸೇರಿದರೆ ಇನ್ನಷ್ಟು. ಮೂತ್ರಪಿಂಡದ ತೊಂದರೆಯಿದ್ದರೆ ಪ್ರಮಾಣ ಇಳಿಸಬೇಕು. ಫೆಕ್ಸೊಫೆನಡಿನ್ನನ್ನು ಹಣ್ಣಿನ ರಸದೊಡನೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ, ನೀರೇ ಸರಿ. ನೆಗಡಿಯ ಹಲವು ಮಾತ್ರೆಗಳಲ್ಲಿ ಸಿಪಿಎಂ ಮೊದಲೇ ಸೇರಿರುತ್ತದೆ, ಮೇಲೆ ಅವಿಲ್ ನುಂಗಿದರೆ ಎರಡು ಪಟ್ಟು ಮಂಪರು. ಸಿಪಿಎಂ ಮತ್ತು ಫಿನೈಲೆಫ್ರಿನ್ ಬೆರೆತ ಸಿರಪ್ಪನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಎಚ್ಚರಿಸಿದ್ದಾರೆ. ಸೆಟಿರಿಜಿನ್ನನ್ನು ತಿಂಗಳುಗಟ್ಟಲೆ ದಿನವೂ ತೆಗೆದುಕೊಂಡು ನಿಲ್ಲಿಸಿದ ಕೆಲವರಿಗೆ ವಿಪರೀತ ತುರಿಕೆ ಬಂದದ್ದನ್ನು ಅಮೆರಿಕದ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಹಾಗೆ ನಿಲ್ಲಿಸುವ ಮುನ್ನ ವೈದ್ಯರನ್ನು ಕೇಳುವುದು ಒಳ್ಳೆಯದು. ಆರು ವಾರ ದಾಟಿಯೂ ಗಂಧೆ ಏಳುತ್ತಲೇ ಇದ್ದರೆ ಅಂಗಡಿಯ ಮಾತ್ರೆ ಬಿಟ್ಟು ಚರ್ಮವೈದ್ಯರಲ್ಲಿಗೆ ಹೋಗಬೇಕು.

ಓದುಗರಲ್ಲಿ ಒಂದು ಕೋರಿಕೆ: ಮನೆಯ ಡಬ್ಬಿಯಲ್ಲಿರುವ ಅಲರ್ಜಿ ಮಾತ್ರೆಯ ಪಟ್ಟಿ ತೆಗೆದು ಅದರೊಳಗಿನ ಔಷಧಿಯ ಹೆಸರು ಓದಿ. ಫೆನಿರಮಿನ್ ಅಥವಾ ಕ್ಲೋರ್‌ಫೆನಿರಮಿನ್ ಎಂದಿದ್ದರೆ ಅದನ್ನು ನುಂಗಿ ಗಾಡಿ ಹತ್ತಬೇಡಿ. ಕಡಿತವೋ ಊಟವೋ ಇಂಜೆಕ್ಷನ್ನೋ, ಏನಾದ ಮೇಲಾದರೂ ಗಾದರಿಯೊಂದಿಗೆ ಉಸಿರು ಕಟ್ಟಿದರೆ ಡಬ್ಬಿ ಹುಡುಕದೆ 108ಕ್ಕೆ ಕರೆ ಮಾಡಿ, ಆಸ್ಪತ್ರೆಯಲ್ಲಿ ಅಡ್ರಿನಲಿನ್ ಬೇಕೆಂದು ಬಾಯಿಬಿಟ್ಟು ಕೇಳಿ.