ಅರಗಿನ ಮುದ್ರೆ

ನಮ್ಮ ಮನೆಗೆ ಟೆಲಿಫೋನು ಬಂದದ್ದು 1984ರಲ್ಲಿ. ವೈಯಾಲಿಕಾವಲಿನ ನಮ್ಮ ಅಡ್ಡರಸ್ತೆಯಲ್ಲಿ ಆಗ ಇದ್ದದ್ದು ಒಟ್ಟು ಮೂರು ಫೋನು. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ. ನಮ್ಮ ತಂದೆ ಟೆಲಿಫೋನ್ ಇಲಾಖೆಯ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತರು. ಅದಕ್ಕೇ ಇವರಿಗೆ ಬೇಗ ಸಿಕ್ಕಿತು ಎಂದು ಬೀದಿಯವರು ಹೇಳಿಕೊಂಡರು. ನಾವೂ ಸರದಿಯಲ್ಲೇ ಕಾದಿದ್ದೆವು ಎಂದರೆ ಯಾರೂ ನಂಬಲಿಲ್ಲ.

ಕಪ್ಪು ಬಣ್ಣದ ಭಾರದ ಫೋನು. ಅದಕ್ಕೆ ಅಮ್ಮ ಕ್ರೋಶಾದಲ್ಲಿ ಹೆಣೆದ ಬಿಳಿ ಹೊದಿಕೆ. ಬೀದಿಯ ಅರ್ಧ ಜನ ಲಗ್ನಪತ್ರಿಕೆಗೆ, ಕೆಲಸದ ಅರ್ಜಿಗೆ ನಮ್ಮ ನಂಬರನ್ನೇ ಕೊಟ್ಟು ಮುಂದೆ 'ಪಿ.ಪಿ.' ಎಂದು ಬರೆಯುತ್ತಿದ್ದರು. ಫೋನು ಬಂದಾಗ ಓಡಿ ಹೋಗಿ ಕರೆಯುವುದು ನನ್ನ ಕೆಲಸ. ಹೀಗಾಗಿ ಯಾರ ಮನೆಗೆ ಹೆಣ್ಣು ನೋಡಲು ಬರುತ್ತಾರೆ, ಯಾರ ಊರಿನಲ್ಲಿ ಜಮೀನಿನ ಜಗಳ ಎದ್ದಿದೆ, ಯಾರ ಮಗಳು ಗಂಡನ ಮನೆಯಿಂದ ಅಳುತ್ತ ಮಾತಾಡಿದಳು, ಎಲ್ಲವೂ ನಮ್ಮ ನಡುಮನೆಯಲ್ಲೇ ನಡೆಯುತ್ತಿತ್ತು. ಪಕ್ಕದ ಮನೆಯವರು ಬಂದು ರಿಸೀವರ್ ಎತ್ತಿಕೊಂಡ ಕೂಡಲೇ ಅಮ್ಮ ನನ್ನ ರಟ್ಟೆ ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋಗಿ ನಲ್ಲಿ ತಿರುಗಿಸಿಬಿಡುತ್ತಿದ್ದಳು. ಆದರೂ ಕಿವಿಗೆ ಬಿದ್ದದ್ದನ್ನು ನಾನು ಬಾಯಿಬಿಡಲು ಹೋದರೆ, "ಕಿವೀಗೆ ಬಿದ್ದಿದ್ದು ನಮ್ಮದಲ್ಲ ಕಣೇ, ಅವರದು," ಎಂದು ಗದರಿಸುತ್ತಿದ್ದಳು. ಸರ್ಕಾರದ ರಹಸ್ಯ, ಅದರ ಸೋರಿಕೆ ಎಂಬ ದೊಡ್ಡ ಮಾತುಗಳು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ನಲ್ಲಿಯ ಸದ್ದು.

1988ರಲ್ಲಿ ನಾನು ಬಿ.ಎ. ಓದುತ್ತಿದ್ದೆ, ಇತಿಹಾಸ ಮೇಜರ್. ಆ ವರ್ಷ ನಮ್ಮ ಕಣ್ಣೆದುರೇ ಒಂದು ಇತಿಹಾಸ ನಡೆಯಿತು. ರಾಮಕೃಷ್ಣ ಹೆಗಡೆಯವರು 1983ರಿಂದ ಮುಖ್ಯಮಂತ್ರಿ. ನಮ್ಮ ಬೀದಿಯ ಹೆಂಗಸರಿಗೆ ಅವರ ಮೇಲೆ ಬಹಳ ಗೌರವ. ಗೌರವಕ್ಕೆ ಕಾರಣವೂ ಇತ್ತು. ಲೋಕಾಯುಕ್ತ ಬಂದದ್ದು ಅವರ ಕಾಲದಲ್ಲಿ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಲ್ಲಿ ನೂರಕ್ಕೆ 25 ಸ್ಥಾನ ಹೆಂಗಸರಿಗೆ ಮೀಸಲಾಗಿ 1987ರಲ್ಲಿ ಚುನಾವಣೆ ನಡೆದದ್ದೂ ಅವರ ಕಾಲದಲ್ಲಿಯೇ. ದೇಶಕ್ಕೆಲ್ಲ ಅಂಥ ಮೀಸಲಾತಿ ಕಾನೂನಾಗಿ ಬರಲು ಇನ್ನೂ ಐದಾರು ವರ್ಷ ಬೇಕಾಯಿತು.

ಅಂಥವರ ಸರ್ಕಾರ ತನ್ನದೇ ಪಕ್ಷದ ಭಿನ್ನಮತೀಯರ ಫೋನುಗಳನ್ನು ಕದ್ದು ಕೇಳುತ್ತಿತ್ತು ಎಂಬ ಸುದ್ದಿ ಹೊರಬಿತ್ತು. ಅದು ಎರಡು ಕಂತಿನಲ್ಲಿ ಹೊರಬಿತ್ತು, ಆ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಮೊದಲು ಪತ್ರಿಕೆಯಲ್ಲಿ ಬಂದದ್ದು ಅಜಿತ್ ಸಿಂಗ್ ಮತ್ತು ಎಚ್.ಡಿ. ದೇವೇಗೌಡರು ಫೋನಿನಲ್ಲಿ ಆಡಿಕೊಂಡ ಮಾತಿನ ಬರಹರೂಪ. ಇಬ್ಬರು ತಮ್ಮ ತಮ್ಮೊಳಗೆ ಆಡಿದ ಮಾತು ಅಕ್ಷರವಾಗಿ ಬೆಳಗಿನ ಕಾಫಿಯ ಜೊತೆ ಎಲ್ಲರ ಮನೆಗೆ ಬಂತು. ಆಮೇಲೆ ಬಂದದ್ದು, ಯಾರ ಯಾರ ಫೋನಿಗೆ ಕಿವಿ ಇಡಲಾಗಿತ್ತು ಎಂಬ ಪಟ್ಟಿ. ಸುಮಾರು 50 ಮಂದಿಯ ಹೆಸರು. ಸುಬ್ರಮಣಿಯನ್ ಸ್ವಾಮಿಯವರು ಆರೋಪದ ಮೇಲೆ ಆರೋಪ ಮಾಡಿದರು, ಕೇಂದ್ರ ಸರ್ಕಾರವೇ ಸಂಸತ್ತಿನಲ್ಲಿ ವಿಷಯವನ್ನು ಬಯಲಿಗಿಟ್ಟಿತು. ಹೆಗಡೆಯವರು ಆ ಆದೇಶ ತಮ್ಮದಲ್ಲ ಎಂದರು. ಆದರೂ ನೈತಿಕ ಹೊಣೆ ಹೊತ್ತು 1988ರ ಆಗಸ್ಟ್ 10ರಂದು ರಾಜೀನಾಮೆ ಕೊಟ್ಟರು. 13ರಂದು ಎಸ್.ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಯಾದರು.

ಬೀದಿಯಲ್ಲಿ ಮಾತೋ ಮಾತು. ಸಂಜೆ ತಂದೆ ಕೊಡೆ ಮಡಿಸಿಕೊಂಡು ಬರುವುದನ್ನೇ ಕಾದಿದ್ದು ಎದುರು ಮನೆಯ ಮೇಷ್ಟರು ಕೇಳುತ್ತಿದ್ದರು: "ಏನ್ ರಾಯರೇ, ನಮ್ಮ ಫೋನೂ ಕೇಳ್ತಾರಾ?" ತಂದೆ ನಕ್ಕು, "ನಿಮ್ಮ ಫೋನಿನಲ್ಲಿ ಕೇಳೋಕೆ ಏನಿದೆ ಮೇಷ್ಟ್ರೇ, ಬರೀ ತರಕಾರಿ ರೇಟು," ಎಂದು ಒಳಗೆ ಬಂದುಬಿಡುತ್ತಿದ್ದರು. ಮನೆಯೊಳಗೆ ಅಷ್ಟೂ ಮಾತಿಲ್ಲ. ನಾನು ಒಮ್ಮೆ ಕೇಳಿದ್ದಕ್ಕೆ, "ಆಫೀಸಿನ ಮಾತು ಆಫೀಸಿಗೆ," ಎಂದು ಪೇಪರು ಮುಖಕ್ಕೆ ಅಡ್ಡ ಹಿಡಿದರು. ಬಿಲ್ಲು ಬರೆಯುವ ಗುಮಾಸ್ತರಿಗೆ ಅಂಥ ವಿಷಯ ತಿಳಿಯುವುದಕ್ಕೆ ದಾರಿಯೇ ಇರಲಿಲ್ಲ ಎಂದು ಈಗ ನನಗೆ ಗೊತ್ತು. ಆದರೆ ತಿಳಿದಿದ್ದರೆ ಹೇಳುತ್ತಿದ್ದರೇ? ಹೇಳಬೇಕಿತ್ತೇ? ಆ ಪ್ರಶ್ನೆಯನ್ನು ಅವರಿರುವಾಗ ನಾನು ಕೇಳಲಿಲ್ಲ.

ಅದೇ ವರ್ಷ ಇನ್ನೊಂದು ಕಡೆಯೂ ಕಾಗದಗಳು ಹೊರಬರುತ್ತಿದ್ದವು. ಬೊಫೋರ್ಸ್ ತೋಪಿನ ವ್ಯವಹಾರದ ದಾಖಲೆಗಳನ್ನು ಜಿನೀವಾದಲ್ಲಿದ್ದ ಪತ್ರಕರ್ತೆ ಚಿತ್ರಾ ಸುಬ್ರಮಣಿಯಂ 'ದಿ ಹಿಂದೂ' ಪತ್ರಿಕೆಗೆ ತಂದುಕೊಡುತ್ತಿದ್ದರು. ಒಬ್ಬ ಹೆಂಗಸು ಹೀಗೆ ಡೆಲ್ಲಿಯನ್ನು ಅಲುಗಾಡಿಸಬಹುದೇ ಎಂದು ನಮಗೆಲ್ಲ ಆಶ್ಚರ್ಯ. ಕೇಂದ್ರ ಸರ್ಕಾರ ಆಗಸ್ಟ್ ಕೊನೆಯಲ್ಲಿ ಮಾನಹಾನಿ ಮಸೂದೆ ತಂದಿತು, ಪತ್ರಕರ್ತರು ಬೀದಿಗಿಳಿದ ಮೇಲೆ ಸೆಪ್ಟೆಂಬರಿನಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಬೆಂಗಳೂರಿನ ಗುಟ್ಟನ್ನು ಸಂತೋಷವಾಗಿ ರಟ್ಟು ಮಾಡಿದ ಡೆಲ್ಲಿಯವರಿಗೆ ತಮ್ಮ ಗುಟ್ಟು ಹೊರಬಂದಾಗ ಕೋಪ ಬಂತು. ಹಾಗೆಯೇ ನಮ್ಮ ಬೀದಿಯಲ್ಲಿ ಬೊಫೋರ್ಸ್ ಸುದ್ದಿಗೆ ಚಪ್ಪಾಳೆ ತಟ್ಟಿದವರೇ ಹೆಗಡೆಯವರ ವಿಷಯದಲ್ಲಿ ಮಾತ್ರ "ಇದು ಪಿತೂರಿ ಕಣ್ರೀ," ಎಂದರು. ನಾನೂ ಅವರಲ್ಲೊಬ್ಬಳು.

ಆ ಬೊಫೋರ್ಸ್ ಕಾಗದಗಳನ್ನು ಕೊಟ್ಟವರು ಯಾರು ಎಂದು ಜಗತ್ತಿಗೆ ತಿಳಿದದ್ದು 2012ರಲ್ಲಿ. ಸ್ವೀಡನ್ನಿನ ಪೊಲೀಸ್ ಮುಖ್ಯಸ್ಥರಾಗಿದ್ದ ಸ್ಟೆನ್ ಲಿಂಡ್‌ಸ್ಟ್ರಾಮ್. 24 ವರ್ಷ ಅವರೂ ಬಾಯಿಬಿಡಲಿಲ್ಲ, ಚಿತ್ರಾ ಅವರೂ ಬಾಯಿಬಿಡಲಿಲ್ಲ. ರಾಜೀವ್ ಗಾಂಧಿಯವರು ಲಂಚ ತೆಗೆದುಕೊಂಡದ್ದಕ್ಕೆ ತಮಗೆ ಸಾಕ್ಷ್ಯ ಸಿಗಲಿಲ್ಲ, ಆದರೆ ತನಿಖೆಯನ್ನು ಮುಚ್ಚಿಹಾಕುವುದನ್ನು ಅವರು ಸುಮ್ಮನೆ ನೋಡಿದರು ಎಂದು ಲಿಂಡ್‌ಸ್ಟ್ರಾಮ್ ಹೇಳಿದರು. ಗುಟ್ಟು ಬಿಟ್ಟುಕೊಟ್ಟ ಮನುಷ್ಯನೇ, ತನಗೆ ತಿಳಿಯದ್ದನ್ನು ತಿಳಿಯದು ಎಂದು ಹೇಳಿದ್ದು ನನಗೆ ಬಹಳ ದೊಡ್ಡದಾಗಿ ಕಂಡಿತು.

ಇಂಥದೇ ಇನ್ನೊಬ್ಬರು ಅಮೆರಿಕದ ಡೇನಿಯಲ್ ಎಲ್ಸ್‌ಬರ್ಗ್. ವಿಯಟ್ನಾಂ ಯುದ್ಧದ ವಿಷಯದಲ್ಲಿ ತಮ್ಮ ಸರ್ಕಾರ ಜನರಿಗೆ ಹೇಳಿದ್ದೊಂದು, ಒಳಗೆ ಬರೆದುಕೊಂಡದ್ದೊಂದು ಎಂಬುದಕ್ಕೆ ಸಾಕ್ಷಿಯಾದ 7,000 ಪುಟಗಳನ್ನು ಅವರು ರಾತ್ರಿಯೆಲ್ಲ ನಕಲು ಮಾಡಿದರು. ಪತ್ರಿಕೆಗಳಲ್ಲಿ ಬಂದದ್ದು 1971ರಲ್ಲಿ. ನಕಲಿನ ಕೆಲಸಕ್ಕೆ ಮಕ್ಕಳನ್ನೂ ಕರೆದುಕೊಂಡು ಹೋಗಿದ್ದರು, ಪುಟದ ಅಂಚಿನಲ್ಲಿದ್ದ 'ಅತಿ ರಹಸ್ಯ' ಎಂಬ ಅಕ್ಷರವನ್ನು ಪುಟ್ಟ ಮಗಳು ಕತ್ತರಿಯಿಂದ ಕತ್ತರಿಸಿ ತೆಗೆದಳಂತೆ. ಮಕ್ಕಳನ್ನು ಇದಕ್ಕೆ ಎಳೆಯಬಹುದೇ ಎಂದು ತಾಯಿಯಾಗಿ ನನಗೆ ಅನ್ನಿಸುತ್ತದೆ. ಆದರೆ ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಶಾಂತಿ ಮಾತುಕತೆಗೆ ಸಂಬಂಧಿಸಿದ ನಾಲ್ಕು ಸಂಪುಟಗಳನ್ನು ಮಾತ್ರ ಪತ್ರಿಕೆಗಳಿಗೆ ಕೊಡಲಿಲ್ಲ. ಅದು ಹೊರಬಂದರೆ ಯುದ್ಧ ನಿಲ್ಲಿಸುವ ಮಾತೇ ಕೆಡಬಹುದು ಎಂದು ಪಕ್ಕಕ್ಕಿಟ್ಟರು. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಕೂತು ಆರಿಸಿದ್ದಾರೆ. ನೂರು ವರ್ಷಕ್ಕೂ ಮೀರಿದ ಸೆರೆವಾಸ ಆಗಬಹುದಾಗಿದ್ದ ಮೊಕದ್ದಮೆ 1973ರಲ್ಲಿ ಬಿದ್ದುಹೋಯಿತು.

ನಮ್ಮ ಕಾನೂನು ಇಂಥ ಆರಿಸುವಿಕೆಯನ್ನು ಕೇಳುವುದೇ ಇಲ್ಲ. 1889ರಲ್ಲಿ ಕಲ್ಕತ್ತೆಯ 'ಅಮೃತ ಬಜಾರ್ ಪತ್ರಿಕೆ' ಕಾಶ್ಮೀರ ಮತ್ತು ಗಿಲ್ಗಿಟ್ ಕುರಿತ ಸರ್ಕಾರದ ಗುಪ್ತ ಕಾಗದವೊಂದನ್ನು ಅಚ್ಚು ಹಾಕಿತು. ಮಹಾರಾಜರ ಅಧಿಕಾರವನ್ನು ಬ್ರಿಟಿಷರು ಕಿತ್ತುಕೊಂಡದ್ದರ ಹಿಂದಿನ ಮನಸ್ಸು ಏನೆಂದು ತೋರಿಸುವುದು ಪತ್ರಿಕೆಯ ಉದ್ದೇಶ. 1831ರಲ್ಲಿ ಅರಸರ ಕೈಯಿಂದ ಆಡಳಿತ ಹೋದ ಮೈಸೂರಿನವರಾದ ನಮಗೆ ಆ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ ವರ್ಷ ಸರ್ಕಾರಿ ರಹಸ್ಯಗಳ ಕಾಯಿದೆ ಬಂತು. 1923ರಲ್ಲಿ ಇನ್ನೂ ಬಿಗಿಯಾಯಿತು. ಆ 1923ರ ಕಾಯಿದೆ ಸ್ವಾತಂತ್ರ್ಯ ಬಂದ ಮೇಲೂ ಉಳಿದುಕೊಂಡಿತು. ಅದರ ಐದನೇ ವಿಭಾಗದ ಪ್ರಕಾರ ಕೊಟ್ಟವರೂ ತಪ್ಪಿತಸ್ಥರು, ತೆಗೆದುಕೊಂಡವರೂ ತಪ್ಪಿತಸ್ಥರು. ಏಕೆ ಕೊಟ್ಟೆ ಎಂದು ಅದು ಕೇಳುವುದಿಲ್ಲ. ಆ ಪ್ರಶ್ನೆಗೆ ಸ್ವಲ್ಪ ಜಾಗ ಸಿಕ್ಕಿದ್ದು ಮಾಹಿತಿ ಹಕ್ಕಿನಿಂದ. ಕರ್ನಾಟಕ ತನ್ನದೇ ಕಾಯಿದೆಯನ್ನು 2000ದಲ್ಲಿ ಮಾಡಿಕೊಂಡಿತ್ತು, ಕೇಂದ್ರದ್ದು ಬಂದದ್ದು 2005ರಲ್ಲಿ. ರಹಸ್ಯ ಕಾಯಿದೆ ಏನೇ ಹೇಳಲಿ, ಬಚ್ಚಿಡುವುದರಿಂದ ಆಗುವ ಲಾಭಕ್ಕಿಂತ ಜನರ ಹಿತ ದೊಡ್ಡದಾಗಿದ್ದರೆ ಕಾಗದ ಕೊಡಬಹುದು ಎಂದು ಅದು ಹೇಳುತ್ತದೆ. ಫೋನು ಕದ್ದಾಲಿಕೆಗೂ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಕಡಿವಾಣ ಹಾಕಿತು: ಗೃಹ ಕಾರ್ಯದರ್ಶಿಯ ಆದೇಶವಿಲ್ಲದೆ ಕೂಡದು, ಎರಡು ತಿಂಗಳ ಅವಧಿ, ಪರಿಶೀಲನೆಗೆ ಸಮಿತಿ. ಆ ಮೊಕದ್ದಮೆಗೂ ಮೂಲ, 1991ರಲ್ಲಿ ಒಂದು ಪತ್ರಿಕೆಯಲ್ಲಿ ಪ್ರಕಟವಾದ ಸಿ.ಬಿ.ಐ. ವರದಿ.

ಇಷ್ಟು ಓದಿ ನಾನು ಸೋರಿಕೆಯ ಪರ ಎಂದುಕೊಳ್ಳಬೇಡಿ. ನಾನು ಟೀಚರು. ನಮ್ಮ ವೃತ್ತಿಯಲ್ಲಿ ಸೋರಿಕೆ ಎಂದರೆ ಒಂದೇ ಅರ್ಥ. 2016ರ ಮಾರ್ಚಿಯಲ್ಲಿ ಪಿ.ಯು.ಸಿ. ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಬಯಲಾಯಿತು. 21ರ ಪರೀಕ್ಷೆ ರದ್ದು. 31ಕ್ಕೆ ಮತ್ತೆ ಇಟ್ಟರು, ಅದೂ ಬಯಲು. ಆ ಬೆಳಿಗ್ಗೆ ಮಲ್ಲೇಶ್ವರದ ಪಿ.ಯು. ಬೋರ್ಡಿನ ಮುಂದೆ ಮಕ್ಕಳು ಕೂಗುತ್ತ ಕೂತಿದ್ದನ್ನು ನಾನು ನೋಡಿದೆ. ನಮ್ಮ ಕೆಳಗಿನ ಮನೆಯ ಹುಡುಗಿ ಮೂರನೆಯ ಸಲ ಅದೇ ಪುಸ್ತಕ ತೆರೆದು ಏಪ್ರಿಲ್ 12ಕ್ಕೆ ಪರೀಕ್ಷೆ ಬರೆದಳು, ಅಷ್ಟು ಹೊತ್ತಿಗೆ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಆ ಲಕೋಟೆಯ ಅರಗಿನ ಮುದ್ರೆ ಯಾವ ಅಧಿಕಾರಿಯ ಮಾನ ಕಾಯಲಿಕ್ಕೂ ಇರಲಿಲ್ಲ, ಆ ಹುಡುಗಿಗಾಗಿ ಇತ್ತು. ಒಡೆದವರು ಅವಳದ್ದನ್ನು ಕದ್ದರು.

ಹೀಗೆ ನೋಡಿದರೆ 1988ರ ಎರಡು ಕಂತುಗಳೂ ಬೇರೆಬೇರೆಯಾಗಿಯೇ ಕಾಣುತ್ತವೆ. ಇಬ್ಬರ ಮಾತನ್ನು ಅಚ್ಚು ಹಾಕಿದ್ದು, ಕೇಳಿಸಿಕೊಂಡ ಅಪರಾಧಕ್ಕೆ ಇನ್ನೊಂದನ್ನು ಸೇರಿಸಿದ ಹಾಗಾಯಿತು. ಅಮ್ಮನ ನಲ್ಲಿ ಅದಕ್ಕೆ. ಆದರೆ ಯಾರ ಫೋನಿಗೆಲ್ಲ ಕಿವಿ ಇಟ್ಟಿದ್ದರು ಎಂಬ ಪಟ್ಟಿ ಕದ್ದು ಕೇಳಿದವರ ಗುಟ್ಟು. ಅದನ್ನು ಹೊರಗಿಟ್ಟವರಿಗೆ ಹೆಗಡೆಯವರನ್ನು ಇಳಿಸುವ ಹಟ ಇತ್ತು ನಿಜ. ಹಟದವರು ಹೇಳಿದರೆಂದು ಪಟ್ಟಿ ಸುಳ್ಳಾಗಲಿಲ್ಲ. ಅವರು ರಾಜೀನಾಮೆ ಕೊಟ್ಟದ್ದು ಸರಿ ಎಂದು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು. ಅವರ ಕಾಲದಲ್ಲೇ ಬಂದ ಲೋಕಾಯುಕ್ತ ಸಂಸ್ಥೆಯ ಗಣಿ ವರದಿ 2011ರ ಜುಲೈ 27ರಂದು ಸಲ್ಲಿಕೆಯಾಗುವ ಮೊದಲೇ ಟಿ.ವಿ.ಗಳಲ್ಲಿ ಬಂದುಬಿಟ್ಟಿತು. ತಮ್ಮ ಫೋನನ್ನೂ ಕದ್ದು ಕೇಳುತ್ತಿದ್ದಾರೆ ಎಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರೇ ದೂರಿದರು. ನಾಲ್ಕು ದಿನ ಕಾದಿದ್ದರೆ ತಾನಾಗಿ ಬರುತ್ತಿದ್ದ ವರದಿಯನ್ನು ಸೋರಿಸುವ ಅಗತ್ಯವೇನಿತ್ತೋ!

ಇನ್ನು ನನ್ನ ವಿಷಯ. 2003ರಲ್ಲಿ ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ವರ್ಷದ ಗೌಪ್ಯ ವರದಿಗಳನ್ನು ಶುದ್ಧಪ್ರತಿ ಮಾಡಲು, ಅಕ್ಷರ ಚೆನ್ನಾಗಿದೆ ಎಂದು ನನ್ನನ್ನು ಕೂರಿಸಿದರು. ನನ್ನ ಜೊತೆಯ ಗಣಿತದ ಟೀಚರ ಹಾಳೆ ಬಂತು. ಅವರ ತರಗತಿಯಲ್ಲಿ ಫೇಲಾದವರಿಲ್ಲ, ಮಧ್ಯಾಹ್ನ ಊಟ ಬಿಟ್ಟು ದಡ್ಡ ಮಕ್ಕಳಿಗೆ ಲೆಕ್ಕ ಹೇಳಿಕೊಡುವವರು. ಆ ವರ್ಷ ಒಂದು ಸಭೆಯಲ್ಲಿ, ಮಕ್ಕಳಿಂದ ವಸೂಲಿ ಮಾಡಿದ ದುಡ್ಡಿನ ಲೆಕ್ಕ ಎಲ್ಲಿ ಎಂದು ಕೇಳಿದ್ದರು. ಅವರ ಹಾಳೆಯಲ್ಲಿ ಒಂದೇ ಪದ ಇತ್ತು: 'ಸಾಧಾರಣ'. ಕೆಟ್ಟ ಷರಾ ಆಗಿದ್ದರೆ ಅವರಿಗೆ ತಿಳಿಸಬೇಕಾಗುತ್ತಿತ್ತು. ಸಾಧಾರಣ ಎಂದರೆ ಕೆಟ್ಟದ್ದಲ್ಲ, ಆದ್ದರಿಂದ ತಿಳಿಸಬೇಕಾಗಿಲ್ಲ. ಆದರೆ ಬಡ್ತಿ ತಪ್ಪಿಸಲು ಅಷ್ಟೇ ಸಾಕು. ನಾನು ಅದನ್ನು ದುಂಡಗಿನ ಅಕ್ಷರದಲ್ಲಿ ಬರೆದು, ಮೇಲೆ ಕೆಂಪು ಶಾಯಿಯಲ್ಲಿ 'ಗೌಪ್ಯ' ಎಂದು ಬರೆದು, ಲಕೋಟೆಗೆ ಹಾಕಿದೆ.

ಅವತ್ತು ಮಧ್ಯಾಹ್ನ ಇಬ್ಬರೂ ಒಂದೇ ಬೆಂಚಿನಲ್ಲಿ ಡಬ್ಬಿ ಬಿಚ್ಚಿದೆವು. ಅವರು ನನಗೆ ಹುಳಿಯನ್ನ ಹಾಕಿದರು. ನಾನು ಹೇಳಲಿಲ್ಲ. ಕಿವಿಗೆ ಬಿದ್ದದ್ದು ನಮ್ಮದಲ್ಲ, ಅವರದು ಎಂಬ ಅಮ್ಮನ ಮಾತನ್ನೇ ನೆಪ ಮಾಡಿಕೊಂಡೆ. ಆದರೆ ಆ ಪದ ಯಾರದು? ಬರೆದವರದೋ, ಯಾರ ಮೇಲೆ ಬರೆದರೋ ಅವರದೋ? ಅದನ್ನು ಯೋಚಿಸುವ ಧೈರ್ಯ ನನಗಿರಲಿಲ್ಲ. ಮನೆ ಸಾಲದ ಕಂತು ಇತ್ತು, ಮಕ್ಕಳು ಚಿಕ್ಕವರು. ಇವೂ ಕಾರಣಗಳೇ, ಇಲ್ಲ ಎನ್ನುವುದಿಲ್ಲ.

2008ರ ಮೇ ತಿಂಗಳಲ್ಲಿ ದೇವ್ ದತ್ ಎಂಬ ಗಡಿ ರಸ್ತೆ ಇಲಾಖೆಯ ಇಂಜಿನಿಯರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅವರಿಗೆ ಬರೆದಿದ್ದ ಪದ 'ಉತ್ತಮ'. ಬಡ್ತಿಗೆ ಬೇಕಾಗಿದ್ದದ್ದು 'ಅತ್ಯುತ್ತಮ'. ಒಳ್ಳೆಯದಿರಲಿ ಕೆಟ್ಟದಿರಲಿ, ನೌಕರನ ಮೇಲೆ ಬರೆದ ಪ್ರತಿಯೊಂದು ಷರಾವನ್ನೂ ಅವನಿಗೆ ತಿಳಿಸಲೇಬೇಕು ಎಂದು ನ್ಯಾಯಾಲಯ ಹೇಳಿತು. ಪೇಪರಿನಲ್ಲಿ ಅದನ್ನು ಓದಿ ಮಡಿಸಿಟ್ಟೆ. ಅಷ್ಟರಲ್ಲಿ ಆ ಬಡ್ತಿ ಬೇರೆಯವರಿಗೆ ಹೋಗಿ ಎರಡು ವರ್ಷವಾಗಿತ್ತು.

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಲ್ಲೇಶ್ವರ ಎಂಟನೇ ಅಡ್ಡರಸ್ತೆಯಲ್ಲಿ ಅವರು ಸಿಕ್ಕಿದರು. ನಿವೃತ್ತರಾಗಿ ಬಹಳ ಕಾಲವಾಗಿದೆ, ಮಂಡಿ ನೋವು. ಹೂವಿನವಳ ಮುಂದೆ ನಿಂತೇ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನೀವು ಬರೆದಿದ್ದಾ?"

"ಹೂಂ."

"ಅವತ್ತೇ ಹೇಳಿದ್ರೂ ನಾನೇನು ಮಾಡ್ತಿದ್ನೋ ಗೊತ್ತಿಲ್ಲ. ಏನೂ ಮಾಡ್ತಿರಲಿಲ್ವೇನೋ," ಎಂದರು. "ಆದ್ರೆ ನೋಡಿ, ಇಷ್ಟು ವರ್ಷ ನಾನು ಪಾಠದಲ್ಲೇ ಏನೋ ಕಮ್ಮಿ ಮಾಡಿದ್ದೆ ಅಂದ್ಕೊಂಡಿದ್ದೆ."

ಆಮೇಲೆ ಹೂವಿನವಳ ಕಡೆ ತಿರುಗಿ, ಸೇವಂತಿಗೆ ಮಾರಿಗೆ ಎಷ್ಟು ಎಂದು ಕೇಳಿದರು.